ಅಮ್ಮನ ಜೊತೆ ಸ್ಟಾರ್ಮ್ ಕಿಂಗ್: ಬಯಲಿನಲ್ಲಿ ನಿಂತ ಕಲೆಯನ್ನು ನೋಡುವುದು ಹೇಗೆ?

ಆರು ತಿಂಗಳಿಗೆ ಅಂತ ಅಮೆರಿಕಕ್ಕೆ ಬರುವ ಅಪ್ಪ ಅಮ್ಮಂದಿರಿಗೆ ತೋರಿಸುವ ಜಾಗಗಳ ಪಟ್ಟಿ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ನಯಾಗರಾ, ಸ್ವಾತಂತ್ರ್ಯ ದೇವಿ, ನ್ಯೂಜೆರ್ಸಿಯ ದೇವಸ್ಥಾನ. ಅದು ಮುಗಿದ ಮೇಲೆ ಅವರು ಕಿಟಕಿ ಪಕ್ಕ ಕೂತು ಖಾಲಿ ಬೀದಿ ನೋಡುತ್ತಾರೆ. ಆಗ ಒಂದು ದಿನ ಸ್ಟಾರ್ಮ್ ಕಿಂಗ್ ಎಂಬ ಬಯಲು ಶಿಲ್ಪ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ತೀರ್ಥಹಳ್ಳಿ ಕಡೆಯ ನನ್ನಮ್ಮನನ್ನು ನಾನು ಎರಡು ಸಲ ಕರೆದುಕೊಂಡು ಹೋದೆ. ಮೊದಲ ಸಲ ಮಾಡಿದ ತಪ್ಪುಗಳಿಂದಲೇ ಈ ಲೇಖನ ಹುಟ್ಟಿದ್ದು.

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ, ಹಡ್ಸನ್ ಕಣಿವೆಯಲ್ಲಿದೆ ಈ ಜಾಗ. ಕಾರಿನಲ್ಲಿ ಸುಮಾರು ಒಂದೂಕಾಲು ಗಂಟೆ. 1960ರಲ್ಲಿ ಶುರುವಾಯಿತು. ಈಗ 500 ಎಕರೆ ಇದೆ. ಹುಲ್ಲುಗಾವಲು, ಕಾಡು, ಗುಡ್ಡ, ಅದರ ನಡುವೆ ಅಲ್ಲಲ್ಲಿ ನೂರಕ್ಕೂ ಜಾಸ್ತಿ ಶಿಲ್ಪಗಳು. ಹತ್ತಿರದ ಹೆದ್ದಾರಿ ಕಟ್ಟುವಾಗ ಇಲ್ಲಿಂದ ಜಲ್ಲಿ ಅಗೆದು ಸಾಗಿಸಿದ್ದರು. ಆ ಹಾಳುಬಿದ್ದ ನೆಲಕ್ಕೆ ಮಣ್ಣು ತುಂಬಿ, ಹುಲ್ಲು ಬೆಳೆಸಿ ಹೀಗೆ ಮಾಡಿದ್ದಾರೆ ಅಂದರೆ ನಂಬುವುದು ಕಷ್ಟ.

ಮೊದಲ ಕೆಲಸ, ದಿನ ಗೊತ್ತು ಮಾಡುವುದು. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಎಲೆ ಕೆಂಪಾದಾಗ ಇಡೀ ನ್ಯೂಯಾರ್ಕೇ ಇಲ್ಲಿಗೆ ಬಂದಂತಿರುತ್ತದೆ. ನನ್ನನ್ನು ಕೇಳಿದರೆ ಮೇ ತಿಂಗಳ ಒಂದು ವಾರದ ದಿನ ಸಾಕು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.

ಬುತ್ತಿ ಕಟ್ಟಿಕೊಳ್ಳಿ. ಕೂತು ತಿನ್ನಲು ಬೇರೆ ಜಾಗ, ಮೇಜು ಇವೆ. ಚಪಾತಿ, ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಶೂ ಹಾಕಿಸಿ, ಚಪ್ಪಲಿ ಬೇಡ. ಇಲ್ಲಿನ ಹುಲ್ಲಿನಲ್ಲಿ ಉಣುಗು ಇರುತ್ತದೆ, ಅದು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಮಂಗನ ಕಾಯಿಲೆ ಕಂಡ ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ಯಾಂಟನ್ನು ಕಾಲ್ಚೀಲದೊಳಗೆ ಸೇರಿಸಿಕೊಳ್ಳಿ. ಅಮ್ಮ ಸೀರೆಯಲ್ಲೇ ಬರುತ್ತೇನೆ ಅಂದರೆ ಉದ್ದನೆಯ ಕಾಲ್ಚೀಲವಾದರೂ ಇರಲಿ, ಕತ್ತರಿಸಿದ ಹುಲ್ಲಿನ ದಾರಿ ಬಿಟ್ಟು ಹೋಗದಿರಲಿ.

ಎಲ್ಲವನ್ನೂ ನೋಡಲು ಹೊರಡಬೇಡಿ. ಮೊದಲ ಸಲ ನಾನು ನಕ್ಷೆ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಾ ಅಮ್ಮನನ್ನು ಎಳೆದುಕೊಂಡು ಹೋದೆ. ಮಧ್ಯಾಹ್ನದ ಹೊತ್ತಿಗೆ ಅವಳ ಮಂಡಿ ಹಿಡಿದುಕೊಂಡಿತ್ತು, ನನ್ನ ಮುಖ ಗಂಟಿಕ್ಕಿತ್ತು. ಎರಡನೇ ಸಲ ಮೊದಲು ಅಲ್ಲಿನ ಟ್ರ್ಯಾಮ್ ಗಾಡಿ ಹತ್ತಿ ಸುಮ್ನೆ ಒಂದು ಸುತ್ತು ಬಂದೆವು. ಆಮೇಲೆ ಮೂರೇ ಮೂರು ಕಡೆ ಇಳಿದೆವು.

ಒಂದು, ಝಾಂಗ್ ಹುವಾನ್ ಮಾಡಿದ ಮೂರು ಕಾಲಿನ ಬುದ್ಧ. 28 ಅಡಿ ಎತ್ತರ. ಸೊಂಟದಿಂದ ಮೇಲೆ ಏನೂ ಇಲ್ಲ. ನೆಲದಿಂದ ಎದ್ದ ಒಂದು ತಲೆಯ ಮೇಲೆ ಒಂದು ಪಾದ ಊರಿದೆ. ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಒಡೆದು ಹಾಕಿದ ಬುದ್ಧನ ಮೂರ್ತಿಗಳ ಚೂರುಗಳು ಈ ಕಲಾವಿದನ ತಲೆಯಲ್ಲಿದ್ದವು ಎಂದು ನಾನು ಓದಿಕೊಂಡು ಹೋಗಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, ‘ಬಲೀಂದ್ರನ ತಲೆ ಮೇಲೆ ವಾಮನ ಕಾಲಿಟ್ಟ ಹಾಗಿದೆ ಅಲ್ವಾ? ಮೂರು ಹೆಜ್ಜೆಗೆ ಮೂರು ಕಾಲು’ ಅಂದಳು. ನಾನು ಬಾಯಿ ಮುಚ್ಚಿಕೊಂಡೆ. ನೀವೂ ಮೊದಲು ಅವರ ಮಾತು ಕೇಳಿ. ವಿವರ ಆಮೇಲೆ ಹೇಳಬಹುದು.

ಎರಡು, ಬ್ರಿಟಿಷ್ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿ ಕಟ್ಟಿಸಿದ ಕಲ್ಲಿನ ಗೋಡೆ. ಇದಕ್ಕೆ ಕೈತುಂಬ ಸಮಯ ಇಟ್ಟುಕೊಳ್ಳಿ. ಉದ್ದ 2,278 ಅಡಿ. ಕಾಡಿನಲ್ಲಿ ಕುಸಿದು ಬಿದ್ದಿದ್ದ ಹಳೆಯ ಹೊಲದ ಗೋಡೆಯ ಜಾಡು ಹಿಡಿದು, 1997-98ರಲ್ಲಿ ಕಟ್ಟಿದ್ದು. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮೇಲೆ ಕಲ್ಲು. ಮರ ಅಡ್ಡ ಬಂದಲ್ಲೆಲ್ಲ ಗೋಡೆಯೇ ಬಳಸಿಕೊಂಡು ಹೋಗುತ್ತದೆ, ಕೇರೆ ಹಾವಿನ ಹಾಗೆ. ಕೊನೆಗೆ ಕೊಳಕ್ಕೆ ಇಳಿದು ಮುಳುಗಿ, ಆಚೆ ದಡದಲ್ಲಿ ಎದ್ದು ನೇರವಾಗಿ ಹೆದ್ದಾರಿ ಕಡೆಗೆ ನಡೆಯುತ್ತದೆ. ಅದರ ಪಕ್ಕದಲ್ಲೇ ನಡೆಯಿರಿ, ದೂರದಿಂದ ಫೋಟೊ ಹೊಡೆದು ಹೊರಟುಬಿಡಬೇಡಿ. ಅಮ್ಮ ಬಗ್ಗಿ ಸಂದಿಗಳನ್ನು ನೋಡಿದಳು. ತೋಟದ ಪಾಗಾರ ಹಾಕಿಸಿದವಳಲ್ಲವೇ? ‘ಚೂರುಗಲ್ಲು ಚೆನ್ನಾಗಿ ತುಂಬಿದಾರೆ’ ಎಂದು ಸರ್ಟಿಫಿಕೇಟ್ ಕೊಟ್ಟಳು.

ಶಿಲ್ಪಗಳನ್ನು ಮುಟ್ಟಲು ಮಾತ್ರ ಬಿಡಬೇಡಿ. ಕೈಯ ಎಣ್ಣೆ, ಬೆವರು ತಾಗಿದರೆ ಬಣ್ಣಕ್ಕೂ ಲೋಹಕ್ಕೂ ಕಲೆ ಕೂರುತ್ತದೆ. ಆ ಆಸೆ ತೀರಿಸಲು ಗುಡ್ಡದ ಮೇಲಿನ ‘ಮೊಮೊಟಾರೊ’ ಇದೆ, ನಮ್ಮ ಮೂರನೇ ಜಾಗ. ಶಿಲ್ಪಿ ಇಸಾಮು ನೊಗುಚಿ ಜಪಾನಿನಿಂದ ತರಿಸಿದ ಗ್ರಾನೈಟ್ ಬಂಡೆಗಳಿಂದ ಮಾಡಿದ್ದು. ಪೀಚ್ ಹಣ್ಣಿನೊಳಗಿಂದ ಹುಟ್ಟಿದ ಹುಡುಗನ ಜಪಾನಿ ಕಥೆಯಿಂದ ಬಂದ ಹೆಸರು. ಸೀಳಿದ ಹಣ್ಣಿನಂತಿರುವ ಆ ಕಲ್ಲಿನ ಪೊಟರೆಯೊಳಗೆ ಯಾರು ಬೇಕಾದರೂ ಕೂರಬಹುದು. ಬಿಸಿಲಿಗೆ ಕಲ್ಲು ಹದವಾಗಿ ಕಾದಿತ್ತು. ಅಮ್ಮ ಒಳಗೆ ಕೂತು, ಮಂಡಿ ನೀವಿಕೊಳ್ಳುತ್ತಾ ಅರ್ಧ ಗಂಟೆ ಏಳಲೇ ಇಲ್ಲ. ಮಕ್ಕಳು ಬಂದು ಸಾಲು ನಿಂತರು. ಎಬ್ಬಿಸಬೇಕಾಯಿತು.

ಕೊನೆಯ ಟ್ರ್ಯಾಮ್ ಎಷ್ಟು ಗಂಟೆಗೆ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿಸಿ, ಬಟ್ಟೆ ಕೊಡವಿ. ಮಂಡಿಯ ಹಿಂದೆ, ಕಿವಿಯ ಹಿಂದೆ ಉಣುಗು ಅಂಟಿದೆಯಾ ಅಂತ ಬೆಳಕಿನಲ್ಲಿ ಒಮ್ಮೆ ನೋಡಿ.