ಶ್ರುತಿ ಬದಲಾದದ್ದು ಹಾಳೆಯಲ್ಲೂ ಕಾಣಲಿ

ಚರ್ಚಿನ ಹಬ್ಬದ ಪೂಜೆಯಲ್ಲಿ ಹಾಡಿನ ಕೊನೆಯ ಚರಣವನ್ನು ಒಂದು ಸ್ವರ ಏರಿಸಿ ಹಾಡಿಸುವ ಆಸೆ, ಕಾಸರಗೋಡು ಜಿಲ್ಲೆಯ ಬೇಳದಲ್ಲಾಗಲಿ ಮಂಜೇಶ್ವರದಲ್ಲಾಗಲಿ, ಯಾವ ಗಾಯನ ವೃಂದದ ಮೇಷ್ಟರಿಗಿಲ್ಲ? ಏರಿಸುವುದು ಸುಲಭ, ಕೀಬೋರ್ಡಿನವರು ತಡವರಿಸದಂತೆ ಅದನ್ನು ಬರೆದುಕೊಡುವುದೇ ಕಷ್ಟ.

ಹಾಡಿನ ಶ್ರುತಿ ಜಿ ಮೇಜರ್‌ನಿಂದ ಎ ಮೇಜರ್‌ಗೆ ಹೋಗುತ್ತದೆ ಎನ್ನಿ. ಮೊದಲ ಭಾಗ ಮುಗಿಯುವಲ್ಲಿ ಜೋಡಿ ಬಾರ್ ಗೆರೆ (ತಾಳದ ಖಂಡಗಳನ್ನು, ಅಂದರೆ ಬಾರ್‌ಗಳನ್ನು, ಬೇರ್ಪಡಿಸುವ ನೇರ ಗೆರೆ) ಎಳೆದು, ಅದರ ಬಲಕ್ಕೆ, ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಎಫ್, ಸಿ, ಜಿ ಶಾರ್ಪ್‌ಗಳನ್ನು ಇದೇ ಕ್ರಮದಲ್ಲಿ ಹಾಕಿ. ತಾಳವೂ ಬದಲಾದರೆ ಅದರ ಅಂಕಿ ಆಮೇಲೆ. ಬದಲಾವಣೆ ಹೊಸ ಸಾಲಿನ ತಲೆಯಲ್ಲಿ ಬಂದರೆ, ಹಿಂದಿನ ಸಾಲಿನ ಕೊನೆಯಲ್ಲೂ ಹೊಸ ಕೀ ಸಿಗ್ನೇಚರ್ (ಶ್ರುತಿ ತೋರಿಸುವ ಈ ಚಿಹ್ನೆಗಳ ಗುಂಪು) ಬರೆಯಲೇಬೇಕು. ಪುಟ ತಿರುಗಿಸುವ ಕೈಗೆ ಮುನ್ಸೂಚನೆ ಸಿಗುವುದು ಅಲ್ಲೇ. ಯಾವ ಚಿಹ್ನೆಯೂ ಇಲ್ಲದ ಸಿ ಮೇಜರ್‌ಗೆ ಹೋಗುವಾಗ ಮಾತ್ರ ಹಳೆಯ ಚಿಹ್ನೆಗಳ ಜಾಗದಲ್ಲಿ ಅವನ್ನು ರದ್ದು ಮಾಡುವ ನ್ಯಾಚುರಲ್ ಹಾಕಿ. ಖಾಲಿ ಬಿಟ್ಟರೆ ಬದಲಾದದ್ದು ಯಾರಿಗೂ ತಿಳಿಯದು.

ನಡುವೆ ಬರುವ ಬಿಡಿ ಶಾರ್ಪ್, ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವ ಫ್ಲಾಟ್‌ಗಳು ಸ್ವರದ ಎಡಕ್ಕೆ, ಅದೇ ಗೆರೆ ಅಥವಾ ಅದೇ ಸಂದಿನಲ್ಲಿ ಇರಬೇಕು. ಫ್ಲಾಟಿನ ಹೊಟ್ಟೆ ಗೆರೆಯಿಂದ ಸ್ವಲ್ಪ ಜಾರಿದರೂ ಓದುವವರಿಗೆ ಬೇರೆ ಸ್ವರವೆನಿಸುತ್ತದೆ. ಆ ಚಿಹ್ನೆಯ ಅಧಿಕಾರ ಬಾರ್ ಗೆರೆಯವರೆಗೆ ಮಾತ್ರ, ಅದೂ ಅದೇ ಸ್ಥಾಯಿಯಲ್ಲಿ. ಮೇಲಿನ ಸ್ಥಾಯಿಯ ಸ್ವರಕ್ಕೆ ಬೇರೆಯೇ ಹಾಕಬೇಕು. ಮುಂದಿನ ಬಾರ್‌ನಲ್ಲಿ ಅದೇ ಸ್ವರ ಮಾಮೂಲಿಯಾಗಿ ಬಂದರೆ ನ್ಯಾಚುರಲ್ ಬೇಕಿಲ್ಲ ಎನ್ನುತ್ತದೆ ಶಾಸ್ತ್ರ. ನಾನಾದರೆ ಕಂಸದೊಳಗೆ ಹಾಕಿಯೇ ಹಾಕುತ್ತೇನೆ. ಬಲಿಪೀಠದ ಪಕ್ಕ ಕುಳಿತು ನುಡಿಸುವವರಿಗೆ ಶಾಸ್ತ್ರ ನೆನೆಯುವ ಪುರುಸೊತ್ತೆಲ್ಲಿ?

ಕರ್ನಾಟಕ ಸಂಗೀತದ ಪಾಠವನ್ನು ಈ ಐದು ಗೆರೆಗಳ ಸ್ಟಾಫ್ ನೊಟೇಶನ್ನಿಗೆ ಇಳಿಸುವವರ ಪಾಡು ಬೇರೆ. ಮಾಯಾಮಾಳವಗೌಳ ರಾಗದಲ್ಲಿ ಷಡ್ಜ ಸಿ ಆದರೆ ಉಳಿದವು ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ. ರೂಢಿಯ ಕೀ ಸಿಗ್ನೇಚರಿನಲ್ಲಿ ಡಿ ಫ್ಲಾಟ್ ಬರಬೇಕಾದರೆ ಬಿ, ಇ, ಎ ಕೂಡ ಫ್ಲಾಟ್ ಆಗುತ್ತವೆ. ಮತ್ತೆ ಗಾಂಧಾರ, ನಿಷಾದಕ್ಕೆಲ್ಲ ನ್ಯಾಚುರಲ್ ಹಾಕುತ್ತಾ ಕೂರಬೇಕು. ಸಿಗ್ನೇಚರ್ ಬಿಟ್ಟು, ಋಷಭ ಮತ್ತು ಧೈವತಕ್ಕೆ ಮಾತ್ರ ಆಯಾ ಬಾರ್‌ನಲ್ಲಿ ಫ್ಲಾಟ್ ಹಾಕುವುದು ವಾಸಿ. ಋಷಭವನ್ನು ಸಿ ಶಾರ್ಪ್ ಎಂದು ಬರೆಯಬೇಡಿ. ಯಕ್ಷಗಾನದ ಭಾಗವತರ ಲೆಕ್ಕದಲ್ಲಿ ಎರಡೂ ‘ಕಪ್ಪು ಒಂದು’, ಅಂದರೆ ಮೊದಲ ಕಪ್ಪು ಮನೆಯೇ, ನಿಜ. ಆದರೆ ಹಾಳೆಯಲ್ಲಿ ಷಡ್ಜವೂ ಋಷಭವೂ ಒಂದೇ ಗೆರೆಗೆ ಬಿದ್ದರೆ, ಮೊದಲ ಸ್ವರಪಾಠವಾದ ಸರಳೆ ವರಸೆ ಏರುವುದೇ ಕಾಣುವುದಿಲ್ಲ.

ಕೈಬರಹದ ಪ್ರತಿಯನ್ನು ಜೆರಾಕ್ಸ್ ಮಾಡಿಸುವ ಮೊದಲು ಶಾರ್ಪ್, ನ್ಯಾಚುರಲ್‌ಗಳನ್ನು ಕಪ್ಪು ಶಾಯಿಯಲ್ಲಿ ತಿದ್ದಿ. ಪೆನ್ಸಿಲಿನ ತೆಳು ಗೆರೆ ಅಳಿಸಿಹೋದರೆ ಶಾರ್ಪ್ ಕೂಡ ನ್ಯಾಚುರಲ್‌ನಂತೆಯೇ ಕಾಣುತ್ತದೆ.