ಅಪ್ಪನ ಕ್ಯಾಸೆಟ್‌ಗಳಿಗಾಗಿ ಕೊಂಡ ಹೆಡ್‌ಫೋನ್

ನಮ್ಮದು ಧಾರವಾಡ. ಆಕಾಶವಾಣಿಯಲ್ಲಿ ಬರುವ ಸಂಗೀತ ಕಾರ್ಯಕ್ರಮಗಳನ್ನು ಕ್ಯಾಸೆಟ್‌ಗೆ ತುಂಬಿಸಿಕೊಳ್ಳುವುದು ಅಪ್ಪನ ಅಭ್ಯಾಸ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಇವರೆಲ್ಲ ನನಗೆ ಪರಿಚಯವಾಗಿದ್ದು ನಡುಮನೆಯ ಆ ಟೇಪ್ ರೆಕಾರ್ಡರಿನಿಂದಲೇ. ಈಗ ನಾನು ಬೆಂಗಳೂರಿನಲ್ಲಿದ್ದೇನೆ. 3 ವರ್ಷದ ಹಿಂದೆ ಊರಿಗೆ ಹೋದಾಗ ಅವುಗಳಲ್ಲಿ 26 ಕ್ಯಾಸೆಟ್‌ಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಬಂದೆ. ಒಂದು ರಾತ್ರಿ ಊಟ ಮುಗಿಸಿ, ಕೋಣೆಯ ಬಾಗಿಲು ಹಾಕಿ, ಕೇಳಲು ಕೂತೆ.

ತಂಬೂರಿಯೇ ಕೇಳಿಸಲಿಲ್ಲ.

ಆಗ ನನ್ನ ಹತ್ತಿರ ಇದ್ದದ್ದು ಹಬ್ಬದ ರಿಯಾಯಿತಿಯಲ್ಲಿ ಕೊಂಡ ಒಂದು ವೈರ್‌ಲೆಸ್ ಹೆಡ್‌ಫೋನ್. ಕಂಪನಿಯ ಹೆಸರು ಬೇಡ. ಸಿನಿಮಾ ನೋಡಲು, ಫೋನಿನಲ್ಲಿ ಮಾತಾಡಲು ಅದು ಸಾಕಾಗಿತ್ತು. ಆದರೆ ಈ ಧ್ವನಿಮುದ್ರಣಗಳಲ್ಲಿ ತಬಲಾದ ಡಗ್ಗಾ (ಜೋಡಿಯಲ್ಲಿ ದಪ್ಪ ದನಿಯದು) ಮಾತ್ರ ಗುಮ್ ಗುಮ್ ಎಂದು ಮುಂದೆ ಬರುತ್ತಿತ್ತು. ಹಾಡುವವರ ದನಿ ಅದರ ಹಿಂದೆ. ತಂಬೂರಿ ಎಲ್ಲೋ ಗೋಡೆಯಾಚೆ. ಮೊದಲು ನಾನು ಕ್ಯಾಸೆಟ್ ಹಾಳಾಗಿದೆ ಅಂದುಕೊಂಡೆ. ಅದೇ ಫೈಲನ್ನು ಗೆಳತಿಯ ಮನೆಯಲ್ಲಿ ಒಳ್ಳೆಯ ಸ್ಪೀಕರಿನಲ್ಲಿ ಹಾಕಿದೆವು. ನಾಲ್ಕೂ ತಂತಿ ಬಿಡಿಬಿಡಿಯಾಗಿ ಕೇಳಿಸಿದವು. ಆವತ್ತೇ ಒಂದು ಸರಿಯಾದ ಹೆಡ್‌ಫೋನ್ ಕೊಳ್ಳಬೇಕು ಎಂದು ತೀರ್ಮಾನ ಮಾಡಿದೆ. 15,000 ರೂಪಾಯಿ ತೆಗೆದಿಟ್ಟೆ. ಹುಡುಕಿ ಮುಗಿಸಲು 2 ತಿಂಗಳು ಹಿಡಿಯಿತು.

ಡಗ್ಗಾ ಯಾಕೆ ದನಿಯನ್ನು ನುಂಗುತ್ತದೆ ಎನ್ನುವುದು ಅರ್ಥವಾದ ಮೇಲೆ ಹುಡುಕಾಟ ಸುಲಭವಾಯಿತು. ಗಂಡಸರ ಷಡ್ಜ ಸಾಮಾನ್ಯವಾಗಿ 130ರಿಂದ 150 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನಲ್ಲಿ ಇರುತ್ತದೆ. ಡಗ್ಗಾದ ಗುಂಗು ಅದರ ಸ್ವಲ್ಪ ಕೆಳಗೇ. ಕಡಿಮೆ ಬೆಲೆಯ ಎಷ್ಟೋ ಹೆಡ್‌ಫೋನ್‌ಗಳಲ್ಲಿ ಬಾಸ್, ಅಂದರೆ ತಗ್ಗಿನ ಸದ್ದನ್ನು, ಎತ್ತಿಟ್ಟಿರುತ್ತಾರೆ. ಆ ಎತ್ತರ ಅಲ್ಲಿಗೇ ನಿಲ್ಲದೆ ದನಿಯ ಜಾಗಕ್ಕೂ ಹರಿದು ಬಂದರೆ ಎಲ್ಲವೂ ಮಬ್ಬು. ತಂಬೂರಿಯ ಜೀವ ಇರುವುದು ಜವಾರಿಯಲ್ಲಿ, ಅಂದರೆ ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಮೇಲೆ ತಂತಿ ಸವರಿಕೊಂಡು ಹೋಗುವಾಗ ಏಳುವ ಝೇಂಕಾರದಲ್ಲಿ. ಅದು ಸಾವಿರಾರು ಹರ್ಟ್ಸ್‌ವರೆಗೂ ಹಬ್ಬಿರುತ್ತದೆ. ಬಾಸಿನ ಅಬ್ಬರದಲ್ಲಿ ಮೊದಲು ಮುಚ್ಚಿಹೋಗುವುದೂ ಅದೇ. ಹಾಗಾಗಿ ತಂಬೂರಿಯನ್ನೇ ನನ್ನ ಅಳತೆಗೋಲು ಮಾಡಿಕೊಂಡೆ.

ಹೆಡ್‌ಫೋನ್ ಪೆಟ್ಟಿಗೆಯ ಮೇಲಿನ ಅಂಕಿಗಳಿಂದ ನನಗೆ ಏನೂ ಉಪಯೋಗವಾಗಲಿಲ್ಲ. ಒಂದರ ಮೇಲೆ 12ರಿಂದ 38,500 ಹರ್ಟ್ಸ್ ಎಂದಿರುತ್ತದೆ, ಇನ್ನೊಂದರ ಮೇಲೆ 6ರಿಂದ 38,000. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20ರಿಂದ 20,000. ವಯಸ್ಸಾದಂತೆ ಮೇಲಿನದು ಇನ್ನೂ ಇಳಿಯುತ್ತದೆ. ಆ ಮಿತಿಯ ಒಳಗೆ ಯಾವುದನ್ನು ಎತ್ತಿದ್ದಾರೆ, ಯಾವುದನ್ನು ತಗ್ಗಿಸಿದ್ದಾರೆ ಎನ್ನುವುದೇ ಮುಖ್ಯ. ಅದನ್ನು ಪೆಟ್ಟಿಗೆ ಹೇಳುವುದಿಲ್ಲ.

ನಾನು ಮೊದಲು ಕೇಳಿಕೊಂಡ ಪ್ರಶ್ನೆ ಬೇರೆ. ನಾನು ಸಂಗೀತ ಕೇಳುವುದು ಎಲ್ಲಿ? ಬಸ್ಸಿನಲ್ಲಿ ಅಲ್ಲ, ಮೆಟ್ರೊದಲ್ಲಿ ಅಲ್ಲ. ರಾತ್ರಿ 9.30ರ ಮೇಲೆ ನನ್ನ ಕೋಣೆಯಲ್ಲಿ. ಈ ಒಂದು ಉತ್ತರದಿಂದ ಅರ್ಧ ಪಟ್ಟಿ ಖಾಲಿಯಾಯಿತು. ಹೆಡ್‌ಫೋನ್‌ಗಳಲ್ಲಿ ಮುಚ್ಚಿದ ಬೆನ್ನಿನವು, ತೆರೆದ ಬೆನ್ನಿನವು ಎಂದು ಎರಡು ಜಾತಿ. ಮುಚ್ಚಿದ್ದರಲ್ಲಿ ಹೊರಗಿನ ಸದ್ದು ಅಷ್ಟಾಗಿ ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ತೆರೆದದ್ದರಲ್ಲಿ ಹೊರಮೈ ಜಾಲರಿಯಂತೆ ಇರುತ್ತದೆ. ಗಾಳಿ ಆಡುತ್ತದೆ, ಸದ್ದೂ ಎರಡೂ ಕಡೆ ಓಡಾಡುತ್ತದೆ. ಪಕ್ಕದಲ್ಲಿ ಕೂತವರಿಗೆ ಹಾಡು ಸಣ್ಣಗೆ ಕೇಳಿಸುತ್ತದೆ. ಆದರೆ ಕೇಳುವವರಿಗೆ ಸಂಗೀತ ತಲೆಯೊಳಗೆ ಒತ್ತಿದಂತೆ ಇರುವುದಿಲ್ಲ. ಸ್ವಲ್ಪ ದೂರದಲ್ಲಿ ಕೂತು ಹಾಡುತ್ತಿದ್ದಾರೆ ಅನಿಸುತ್ತದೆ. ಎದುರಿಗೇ ಕೂತು ಕೇಳುವ ಬೈಠಕ್ ಸಂಗೀತಕ್ಕೆ ನನಗೆ ಬೇಕಾದದ್ದು ಅದೇ. ಹಾಸ್ಟೆಲಿನಲ್ಲಿ ಇರುವವರು, ಆಫೀಸಿನಲ್ಲಿ ಕೇಳುವವರು ಇದನ್ನು ಕೊಳ್ಳಬೇಡಿ. ನಿಮಗೆ ಮುಚ್ಚಿದ್ದೇ ಸರಿ.

ಆಮೇಲೆ ವೈರ್ ಇರಬೇಕಾ ಬೇಡವಾ ಎಂಬ ಪ್ರಶ್ನೆ. ಬ್ಲೂಟೂತ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೊಬಿಟ್ ಮಾಹಿತಿ ಇರುತ್ತದೆ. ಸೋನಿಯವರ ಎಲ್‌ಡಿಎಸಿ ಎಂಬ ವಿಧಾನ ಬ್ಲೂಟೂತಿನಲ್ಲಿ 990ರವರೆಗೂ ಕಳಿಸುತ್ತದೆ. ನನ್ನ ಹಳೆಯ ಕ್ಯಾಸೆಟ್‌ಗಳಿಗೆ ಅದು ಧಾರಾಳವಾಯಿತು. ನಾನು ವೈರ್ ಆರಿಸಿದ್ದಕ್ಕೆ ಕಾರಣ ಬಾಳಿಕೆ. ವೈರ್‌ಲೆಸ್ಸಿನಲ್ಲಿ ಬ್ಯಾಟರಿ ಇದೆ, ಅದಕ್ಕೆ ಆಯಸ್ಸು ಇದೆ. ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ. ಅದು ಇಂದಿಗೂ ಮಾರಾಟದಲ್ಲಿದೆ. ಅದರ ಪ್ಯಾಡು, ಕೇಬಲ್ಲು ಬದಲಾಯಿಸಿಕೊಂಡು ವರ್ಷಗಟ್ಟಲೆ ಬಳಸುವ ಜನ ಇದ್ದಾರೆ. ನನ್ನ ದುಡ್ಡಿಗೂ ಅಂಥ ಬಾಳಿಕೆ ಬೇಕು ಅನಿಸಿತು.

ಹಾಗಾದರೆ ಎಚ್‌ಡಿ 600 ಅನ್ನೇ ಯಾಕೆ ಕೊಳ್ಳಲಿಲ್ಲ? ಒಂದು, ಅದು ನನ್ನ ಬಜೆಟ್ಟಿಗೆ ಮೀರಿದ್ದು. ಎರಡು, ಅದು 300 ಓಮ್‌ನದು. ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಈ ವಿಷಯ ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಸಹೋದ್ಯೋಗಿಯೊಬ್ಬರು 250 ಓಮ್‌ನ ಒಂದು ಸ್ಟುಡಿಯೊ ಹೆಡ್‌ಫೋನನ್ನು ವಾರಾಂತ್ಯಕ್ಕೆ ಕೊಟ್ಟಿದ್ದರು. ಫೋನಿಗೆ ಚುಚ್ಚಿ ದನಿ ಪೂರ್ತಿ ಏರಿಸಿದರೂ ಹಾಡು ಬಾವಿಯೊಳಗಿಂದ ಬಂದ ಹಾಗೆ. ಓಮ್ ಜಾಸ್ತಿ ಇದ್ದರೆ ಸಾಮಾನ್ಯವಾಗಿ ವೋಲ್ಟೇಜ್ ಜಾಸ್ತಿ ಬೇಕು. ಫೋನಿಗೆ ಅಷ್ಟು ಶಕ್ತಿ ಇರುವುದಿಲ್ಲ. ಅದಕ್ಕೆ ಬೇರೆ ಆಂಪ್ಲಿಫೈಯರ್ ಕೊಳ್ಳಬೇಕು. ಬರೀ ಓಮ್ ನೋಡಿದರೆ ಸಾಲದು, ಸೂಕ್ಷ್ಮತೆಯನ್ನೂ ನೋಡಬೇಕು. ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಲೆಕ್ಕ ಅದು. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಫೋನು, ಲ್ಯಾಪ್‌ಟಾಪಿಗೆ ನೇರವಾಗಿ ಸಿಕ್ಕಿಸಿ ಕೇಳುವುದಾದರೆ ಕಡಿಮೆ ಓಮ್‌ನದನ್ನೇ ಹುಡುಕಿ.

ಹೀಗೆ ಸೋಸಿ ಕೊನೆಗೆ 3 ಉಳಿದವು. ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್, 38 ಓಮ್, ಮುಚ್ಚಿದ್ದು. ಇದು ಎಲ್ಲರೂ ಹೇಳುವ ಹೆಸರು, ಹಾಗಾಗಿ ಹೋಲಿಸಿ ನೋಡಲು ಇಟ್ಟುಕೊಂಡೆ. ಸೆನ್‌ಹೈಸರ್ ಎಚ್‌ಡಿ 599, 50 ಓಮ್, ತೆರೆದದ್ದು. ಸೆನ್‌ಹೈಸರ್ ಎಚ್‌ಡಿ 560ಎಸ್, 120 ಓಮ್, ಅದೂ ತೆರೆದದ್ದು.

ಮೂರನ್ನೂ ತಲೆಗೆ ಹಾಕಿಕೊಂಡು ಕೇಳಲು ಬಿಡುವ ಒಂದು ಅಂಗಡಿ ಹುಡುಕಿದೆ. ಬುಧವಾರ ಮಧ್ಯಾಹ್ನ ರಜೆ ಹಾಕಿ ಹೋದೆ. ವಾರಾಂತ್ಯದ ಗದ್ದಲದಲ್ಲಿ ತೆರೆದ ಹೆಡ್‌ಫೋನ್ ಕೇಳಿ ನೋಡುವುದು ಸಾಧ್ಯವೇ ಇಲ್ಲ. ಅಂಗಡಿಯ ಹುಡುಗ ತಮ್ಮ ಡೆಮೊ ಹಾಡು ಹಾಕಲು ಬಂದ. "ಬೇಡಪ್ಪ, ನನ್ನ ಹಾಡು ತಂದಿದೀನಿ" ಅಂದೆ. "ಆಯ್ತು ಮೇಡಂ, ಎಷ್ಟೊತ್ತು ಬೇಕಾದ್ರೂ ಕೇಳಿ" ಅಂದು ಕುರ್ಚಿ ಎಳೆದು ಕೊಟ್ಟ. ಆ ಒಂದು ಮಾತಿಗೆ ನಾನು ಅವನಿಗೆ ಋಣಿ. ಡೆಮೊ ಹಾಡುಗಳಲ್ಲಿ ಯಾವ ಹೆಡ್‌ಫೋನೂ ಚೆನ್ನಾಗಿಯೇ ಕೇಳಿಸುತ್ತದೆ. ನಿಮಗೆ ಬಾಯಿಪಾಠ ಆಗಿರುವ, ಎಲ್ಲಿ ಕೆಮ್ಮು ಬರುತ್ತದೆ, ಎಲ್ಲಿ ಸಾರಂಗಿ ಎಳೆಯುತ್ತದೆ ಎಂದು ಗೊತ್ತಿರುವ ಧ್ವನಿಮುದ್ರಣವನ್ನೇ ಒಯ್ಯಬೇಕು. ನಾನು ಒಯ್ದದ್ದು 4: ಅಪ್ಪನ 2 ಕ್ಯಾಸೆಟ್ ಫೈಲು, ದೊರೆಸ್ವಾಮಿ ಅಯ್ಯಂಗಾರರ ಒಂದು ವೀಣೆ, ಈಚಿನ ಸ್ಟುಡಿಯೊದ ಒಂದು ಭಾವಗೀತೆ.

ಹೋಲಿಸುವಾಗ ಒಂದು ಎಚ್ಚರ ಬೇಕು. ಒಂದು ಕೂದಲೆಳೆಯಷ್ಟು ಜೋರಾಗಿ ನುಡಿದರೂ ಸಾಕು, ಅದೇ ಚೆನ್ನಾಗಿದೆ ಎಂದು ಮನಸ್ಸು ಹೇಳುತ್ತದೆ. ಮೂರರ ಓಮ್ ಬೇರೆ ಬೇರೆ, ಹಾಗಾಗಿ ಫೋನಿನ ದನಿ ಒಂದೇ ಕಡೆ ಇಟ್ಟರೆ ಮೂರೂ ಬೇರೆ ಬೇರೆ ಜೋರಿನಲ್ಲಿ ಕೇಳಿಸುತ್ತವೆ. ನಾನು ಏನು ಮಾಡಿದೆ ಅಂದರೆ, ಗಾಯಕರು ಷಡ್ಜ ಹಿಡಿದು ನಿಲ್ಲಿಸುವ ಒಂದು ಜಾಗ ಆರಿಸಿಕೊಂಡೆ. ಆ ಷಡ್ಜ ಮೂರರಲ್ಲೂ ಒಂದೇ ಜೋರಿಗೆ ಕೇಳುವವರೆಗೆ ದನಿ ಹೊಂದಿಸಿದೆ. ಆಮೇಲೆ ಅದರ ಹಿಂದಿನ ತಂಬೂರಿಗೆ ಕಿವಿ ಕೊಟ್ಟೆ.

ಎಂ50ಎಕ್ಸ್‌ನಲ್ಲಿ ಭಾವಗೀತೆ ಬಹಳ ಚೆನ್ನಾಗಿ ಬಂತು. ತಬಲಾದ ಪೆಟ್ಟು ಬಿಗಿಯಾಗಿ, ಸ್ಪಷ್ಟವಾಗಿ ಕೇಳಿಸಿತು. ಆದರೆ ಹಾಡುವವರು ತೀರಾ ಹತ್ತಿರ, ಹಣೆಗೆ ತಾಗಿ ಕೂತಂತೆ. 560ಎಸ್ ಹಾಕಿಕೊಂಡಾಗ ಮೈ ಜುಂ ಅಂದಿತು. ತಂಬೂರಿಯ ಪಂಚಮ, ಜೋಡಿ ತಂತಿ, ಖರ್ಜ (ತಗ್ಗಿನ ಷಡ್ಜದ ತಂತಿ), ಎಲ್ಲ ಬಿಡಿಬಿಡಿ. ವೀಣೆಯ ತಂತಿಯನ್ನು ಬೆರಳು ಮೀಟುವುದು, ಮೆಟ್ಟಿಲ ಮೇಲೆ ಎಡಗೈ ಜಾರುವುದು ಕೂಡ ಕೇಳಿಸಿತು. ಇದೇ ಆಯಿತು, ಬಿಲ್ ಹಾಕಿಸೋಣ ಅಂದುಕೊಂಡೆ.

ಆಮೇಲೆ ಅಪ್ಪನ ಕ್ಯಾಸೆಟ್ಟನ್ನು 20 ನಿಮಿಷ ಪೂರ್ತಿ ಕೇಳಿದೆ. ಟೇಪಿನ ಸುಯ್ ಅನ್ನುವ ಸದ್ದು ಇದೆಯಲ್ಲ, ಅದೂ ಅಷ್ಟೇ ಸ್ಪಷ್ಟವಾಗಿ ಮುಂದೆ ಬಂದು ನಿಂತಿತ್ತು. ರೇಡಿಯೊದ ಚರಚರ ಕೂಡ. 560ಎಸ್ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ, ಅದು ಅದರ ಗುಣ. ಆದರೆ ನನ್ನ ಸಂಗ್ರಹದಲ್ಲಿ ಮುಕ್ಕಾಲು ಪಾಲು 35-40 ವರ್ಷ ಹಳೆಯ ಟೇಪು. 599ರಲ್ಲಿ ಅದೇ ಫೈಲು ಹಾಕಿದೆ. ತಂಬೂರಿ ಅಷ್ಟು ಬಿಡಿಬಿಡಿಯಾಗಿ ಕೇಳಿಸಲಿಲ್ಲ, ನಿಜ. ಆದರೆ ಇತ್ತು, ದನಿಯ ಹಿಂದೆ ತುಂಬಿಕೊಂಡು ಇತ್ತು. ಸುಯ್ ಸದ್ದು ಹಿಂದೆ ಸರಿದಿತ್ತು. ಮನ್ಸೂರರ ತಾನಿನ ನಡುವೆ ಉಸಿರು ತೆಗೆದುಕೊಳ್ಳುವುದು ಕೇಳಿಸಿತು. 20 ನಿಮಿಷ ಕಳೆದದ್ದು ಗೊತ್ತಾಗಲಿಲ್ಲ.

ನಾನು 599 ಕೊಂಡೆ. ಹೊಸ ಸ್ಟುಡಿಯೊ ಧ್ವನಿಮುದ್ರಣಗಳನ್ನೇ ಜಾಸ್ತಿ ಕೇಳುವ ಗೆಳತಿ ಆಮೇಲೆ ನನ್ನ ಮಾತು ಕೇಳಿ 560ಎಸ್ ಕೊಂಡಳು. ಇಬ್ಬರೂ ಸರಿಯಾದದ್ದನ್ನೇ ಕೊಂಡಿದ್ದೇವೆ ಎಂದು ಇವತ್ತಿಗೂ ನಂಬಿದ್ದೇನೆ.

ಇನ್ನೊಂದು ವಿಷಯ, ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ನಾನು ಕನ್ನಡಕ ಹಾಕುತ್ತೇನೆ, ಓಲೆಯೂ ಇದೆ. ಅಂಗಡಿಯಲ್ಲಿ ಹಾಕಿಕೊಂಡ ಇನ್ನೊಂದು ಹೆಡ್‌ಫೋನ್ 10 ನಿಮಿಷಕ್ಕೆ ಓಲೆಯ ತಿರುಪನ್ನು ಕಿವಿಯ ಹಿಂದಕ್ಕೆ ಒತ್ತಿ ನೋಯಿಸಿತು. ಕನ್ನಡಕದ ಕಡ್ಡಿ ಇರುವ ಕಡೆ ಪ್ಯಾಡು ಸರಿಯಾಗಿ ಕೂರದಿದ್ದರೆ, ಅದರಲ್ಲೂ ಮುಚ್ಚಿದ ಹೆಡ್‌ಫೋನ್‌ಗಳಲ್ಲಿ, ಬಾಸ್ ಸೋರಿ ಹೋಗುತ್ತದೆ. ಹಾಗಾಗಿ ದಿನಾ ಹೇಗೆ ಇರುತ್ತೀರೋ ಹಾಗೇ ಹೋಗಿ. ಕನ್ನಡಕ, ಓಲೆ, ಜಡೆ ಸಮೇತ. ಕನಿಷ್ಠ ಅರ್ಧ ಗಂಟೆ ತಲೆಯ ಮೇಲೆ ಇರಲಿ. 599ರ ಪ್ಯಾಡು ಮಖಮಲ್ಲಿನಂಥ ಬಟ್ಟೆಯದು. ಏಪ್ರಿಲ್ ಸೆಕೆಯಲ್ಲಿ ರೆಕ್ಸಿನ್ ಪ್ಯಾಡಿನಷ್ಟು ಬೆವರುವುದಿಲ್ಲ. ಧೂಳು ಮಾತ್ರ ಹಿಡಿಯುತ್ತದೆ. ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಲ್ಲಿ ಒರೆಸುತ್ತೇನೆ.

ಮನೆಗೆ ತಂದ ಮೇಲೆ ಸಣ್ಣ ತೊಂದರೆ ಎದುರಾಯಿತು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಹೆಡ್‌ಫೋನಿನಲ್ಲಿ ಜುಯ್ ಎಂಬ ಸದ್ದು. ಹೆಡ್‌ಫೋನಿನ ತಪ್ಪಲ್ಲ, ಚಾರ್ಜರಿನ ಸದ್ದು ಲ್ಯಾಪ್‌ಟಾಪಿನ ಜಾಕ್ ಮೂಲಕ ಬರುತ್ತಿತ್ತು. ಯುಎಸ್‌ಬಿ-ಸಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್ ತಂದೆ. ಅಂಕಿಗಳನ್ನು ಸದ್ದಾಗಿ ಬದಲಿಸುವ ಚಿಪ್ಪು ಅದರಲ್ಲೇ ಇರುತ್ತದೆ. ಜುಯ್ ನಿಂತಿತು. ಈಗ ಅದನ್ನೇ ಫೋನಿಗೂ ಬಳಸುತ್ತೇನೆ. 599ರ ಜೊತೆ 2 ಕೇಬಲ್ ಬಂದಿದ್ದವು, 3 ಮೀಟರಿನದು, 1.2 ಮೀಟರಿನದು. ಉದ್ದದ್ದು ಕಾಲಿಗೆ ಸಿಗುತ್ತದೆ ಎಂದು ಎತ್ತಿಟ್ಟೆ.

ಮೊದಲ ವಾರ ಬಾಸ್ ಕಡಿಮೆ ಅನಿಸಿತು. ಹಳೆಯದರ ಗುಮ್ಮಿಗೆ ಕಿವಿ ಒಗ್ಗಿಹೋಗಿತ್ತು. ಹಿಂದಿರುಗಿಸೋಣವಾ ಅಂತಲೂ ಯೋಚಿಸಿದೆ. 10 ದಿನ ಸುಮ್ನೆ ಬೇರೆ ಏನನ್ನೂ ಹಾಕಿಕೊಳ್ಳದೆ ಇದರಲ್ಲೇ ಕೇಳಿದೆ. 11ನೆಯ ದಿನ ಹಳೆಯದನ್ನು ಹಾಕಿದರೆ ದನಿಯ ಮೇಲೆ ಕಂಬಳಿ ಹೊದಿಸಿದಂತಿತ್ತು. ನೀವೂ ಅಷ್ಟು ದಿನ ಕೊಡಿ. ದನಿಯ ಜೋರಿನ ವಿಷಯದಲ್ಲೂ ಎಚ್ಚರ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್. ದನಿ ಏರಿದಷ್ಟೂ ಆ ಗಂಟೆಗಳು ಬಹಳ ಬೇಗ ಕಡಿಮೆಯಾಗುತ್ತವೆ. ಒಳ್ಳೆಯ ಹೆಡ್‌ಫೋನಿನಲ್ಲಿ ಸಣ್ಣ ದನಿಯಲ್ಲೂ ಎಲ್ಲ ಕೇಳಿಸುತ್ತದೆ, ಏರಿಸುವ ಅಗತ್ಯವೇ ಬೀಳುವುದಿಲ್ಲ.

ಕಳೆದ ದೀಪಾವಳಿಗೆ ಅದನ್ನು ಧಾರವಾಡಕ್ಕೆ ಒಯ್ದೆ. ಅಪ್ಪನಿಗೆ ಈಗ 74. ಆರಾಮ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನ್ ತಲೆಗೆ ಹಾಕಿ, ಅವರೇ ತುಂಬಿಸಿದ ಕ್ಯಾಸೆಟ್ಟಿನ ಫೈಲು ಹಾಕಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಏ, ಇದರಾಗ ಎರಡು ತಂಬೂರಿ ಅದಾವಲೇ" ಅಂದರು. ಅಷ್ಟು ವರ್ಷ ಕೇಳಿದ ಕ್ಯಾಸೆಟ್ಟು ಅದು. ನಾನು ಪಕ್ಕದಲ್ಲೇ ನೆಲದ ಮೇಲೆ ಕೂತೆ. ತೆರೆದ ಹೆಡ್‌ಫೋನಿನಿಂದ ಹಾಡು ಸಣ್ಣಗೆ ಹೊರಗೆ ಬರುತ್ತಿತ್ತು. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬಂದಾಗಲೆಲ್ಲ ಇಬ್ಬರ ತಲೆಯೂ ಒಟ್ಟಿಗೇ ಆಡುತ್ತಿತ್ತು.