ಹೊಸ ಕ್ಯಾಬಿನೆಟ್‌ಗೆ ಹಳೆ ಕೇಬಲ್ ಮುಟ್ಟುತ್ತಾ? ಮೊದಲು ಅಳೆಯಿರಿ

ಕಂಪ್ಯೂಟರ್ ಚೆನ್ನಾಗಿಯೇ ನಡೀತಾ ಇದೆ, ಕ್ಯಾಬಿನೆಟ್ ಮಾತ್ರ ಹಳೆಯದು. ಆನ್‌ಲೈನ್‌ನಲ್ಲಿ ಗಾಜಿನ ಬಾಗಿಲು, ಮೂರು ಫ್ಯಾನ್ ಇರುವ ಹೊಸದೊಂದು ಕಣ್ಣಿಗೆ ಬಿತ್ತು, ಆರ್ಡರ್ ಮಾಡಿದಿರಿ. ಮದರ್‌ಬೋರ್ಡ್ ಕೂರಿಸಿ, ಎಲ್ಲದಕ್ಕೂ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್ ಬಿಗಿದು, ಪ್ರೊಸೆಸರ್‌ನ ಪವರ್ ಕೇಬಲ್ ಎಳೆದು ನೋಡಿದರೆ ನಾಲ್ಕು ಬೆರಳು ಕಮ್ಮಿ! ವಿಜಯಪುರದಲ್ಲಿ ಕೀಬೋರ್ಡ್, ಮೌಸ್ ಎಲ್ಲಿ ಬೇಕಾದರೂ ಸಿಗುತ್ತವೆ. ಎಂಟು ಪಿನ್ನಿನ ಎಕ್ಸ್‌ಟೆನ್ಷನ್ ಕೇಬಲ್ ಕೇಳಿದರೆ ‘ತರಿಸಿ ಕೊಡ್ತೀವ್ರಿ’ ಅನ್ನುವ ಉತ್ತರವೇ ಜಾಸ್ತಿ. ಅಲ್ಲಿವರೆಗೆ ಬಿಚ್ಚಿದ ಕಂಪ್ಯೂಟರ್ ಹಾಗೇ ಬಿದ್ದಿರಬೇಕು. ಅದಕ್ಕೇ ಅಳತೆ ಮೊದಲು, ಆರ್ಡರ್ ಆಮೇಲೆ.

ಕಮ್ಮಿ ಬೀಳುವುದು ಯಾಕೆ?

ಹಳೆ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಮೇಲುಗಡೆ ಕೂರುತ್ತಿತ್ತು. ಪ್ರೊಸೆಸರ್‌ಗೆ ಕರೆಂಟ್ ಕೊಡುವ ಸಾಕೆಟ್ ಇರುವುದೂ ಬೋರ್ಡಿನ ಮೇಲ್ತುದಿಯ ಎಡ ಮೂಲೆಯಲ್ಲೇ. ಎರಡೂ ಪಕ್ಕಪಕ್ಕ ಇದ್ದಾಗ ಗೇಣುದ್ದದ ಕೇಬಲ್ಲೂ ಸಾಕು. ಇಂದಿನ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ತಳಕ್ಕೆ ಇಳಿದಿದೆ. ಸಾಕೆಟ್ ಮಾತ್ರ ಇದ್ದಲ್ಲೇ ಇದೆ. ಈಗ ಕೇಬಲ್ ಎಸ್‌ಎಂಪಿಎಸ್‌ನಿಂದ ಹೊರಟು, ಬೋರ್ಡಿನ ಹಿಂದೆ ಹೋಗಿ, ಮೇಲಿನ ಮೂಲೆವರೆಗೆ ಹತ್ತಿ, ಅಲ್ಲಿನ ಕಿಂಡಿಯಿಂದ ಈಚೆ ಬರಬೇಕು. ಸಾಮಾನ್ಯ ಮಿಡ್ ಟವರ್‌ನಲ್ಲಿ, ಅಂದರೆ ಮಧ್ಯಮ ಗಾತ್ರದ ಕ್ಯಾಬಿನೆಟ್‌ನಲ್ಲಿ, ಈ ದಾರಿಗೆ 55ರಿಂದ 65 ಸೆಂ.ಮೀ. ಬೇಕಾಗುತ್ತದೆ. ಅಗ್ಗದ ಹಳೆ ಎಸ್‌ಎಂಪಿಎಸ್‌ಗಳಲ್ಲಿ ಈ ಕೇಬಲ್ 40–45 ಸೆಂ.ಮೀ. ಇದ್ದರೆ ಆಶ್ಚರ್ಯವಿಲ್ಲ.

ದಾರ ಹಿಡಿದು ಅಳೆಯಿರಿ

ಕೇಬಲ್ ನೇರ ಹೋಗುವುದಿಲ್ಲ, ಹಾಗಾಗಿ ಸ್ಕೇಲ್‌ಗಿಂತ ದಾರವೇ ವಾಸಿ. ಕ್ಯಾಬಿನೆಟ್ ಅಂಗಡಿಯಲ್ಲಿದ್ದರೆ ಕೇಬಲ್ ಹೋಗುವ ದಾರಿಯಲ್ಲೇ ದಾರ ಹಾಯಿಸಿ, ಗುರುತು ಹಾಕಿ, ಆಮೇಲೆ ಸ್ಕೇಲಿಗೆ ಹಿಡಿಯಿರಿ. ಅದಕ್ಕೆ ಐದು ಸೆಂ.ಮೀ. ಸೇರಿಸಿ. ಬಿಗಿಯಾಗಿ ಎಳೆದು ಚುಚ್ಚಿದ ಕೇಬಲ್ ಸಾಕೆಟ್ಟನ್ನು ಸದಾ ಜಗ್ಗುತ್ತಿರುತ್ತದೆ. ಆನ್‌ಲೈನ್ ಖರೀದಿಯಾದರೆ ಕ್ಯಾಬಿನೆಟ್‌ನ ಎತ್ತರ, ಉದ್ದ ನೋಡಿ ಅಂದಾಜು ಹಾಕಬಹುದು. ಬೋರ್ಡಿನ ಹಿಂದೆ ಎಷ್ಟು ಜಾಗ ಇದೆ ಅನ್ನುವುದನ್ನೂ ನೋಡಿ. ಎರಡು ಸೆಂ.ಮೀ. ಇದ್ದರೆ ಆರಾಮ, ಒಂದೂವರೆಗಿಂತ ಕಮ್ಮಿ ಇದ್ದರೆ ಪಕ್ಕದ ಬಾಗಿಲು ಹಾಕುವಾಗ ಒದ್ದಾಟ.

ಅಳತೆ ಕಮ್ಮಿ ಬಂದರೆ 30 ಸೆಂ.ಮೀ. ಎಕ್ಸ್‌ಟೆನ್ಷನ್ ಸಾಕು. ಆದರೆ ‘ಎಂಟು ಪಿನ್’ ಅಂತ ಮಾತ್ರ ಕೇಳಿದರೆ ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಕೊಟ್ಟುಬಿಡುತ್ತಾರೆ. ನೋಡಲು ಎರಡೂ ಒಂದೇ ಥರ. ಪ್ರೊಸೆಸರ್‌ನದು ನಾಲ್ಕು ಮತ್ತು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಗ್ರಾಫಿಕ್ಸ್‌ನದು ಆರು ಮತ್ತು ಎರಡಾಗಿ. ಒಳಗಿನ ವೈರಿನ ಜೋಡಣೆ ಉಲ್ಟಾ. ಸಲೀಸಾಗಿ ಒಳಗೆ ಹೋಗದಿದ್ದರೆ ಒತ್ತಬೇಡಿ, ಅದು ತಪ್ಪು ಕೇಬಲ್.

ನನ್ನನ್ನು ಕೇಳಿದರೆ, ಎಸ್‌ಎಂಪಿಎಸ್ ಏಳೆಂಟು ವರ್ಷ ಹಳೆಯದಾಗಿದ್ದರೆ ಎಕ್ಸ್‌ಟೆನ್ಷನ್‌ಗೆ ದುಡ್ಡು ಹಾಕುವ ಬದಲು ಎಸ್‌ಎಂಪಿಎಸ್ಸನ್ನೇ ಬದಲಾಯಿಸಿ.

ಬಿಚ್ಚುವ ಮುಂಚೆ

ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಪ್ರತಿ ಕೇಬಲ್ ಕೀಳುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಮ್ಮ ಕಡೆಯ ಒಣ ಹವೆಯಲ್ಲಿ ಸ್ಟ್ಯಾಟಿಕ್ ಕಾಟ ಜಾಸ್ತಿ. ಆಗಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟುತ್ತಿರಿ, ರಗ್ಗಿನ ಮೇಲೆ ಕೂತು ಕೆಲಸ ಮಾಡಬೇಡಿ. ಇನ್ನೊಂದು ಮಾತು: ಬಿಚ್ಚಿದ ಗಾಜಿನ ಬಾಗಿಲನ್ನು ಫರಸಿ ಮೇಲೆ ನಿಲ್ಲಿಸಬೇಡಿ. ಟೆಂಪರ್ಡ್ ಗಾಜಿನ ಅಂಚಿಗೆ ಕಲ್ಲು ತಾಗಿದರೆ ಇಡೀ ಗಾಜು ಒಂದೇ ಏಟಿಗೆ ಪುಡಿ. ಹಾಸಿಗೆ ಮೇಲೆ ಮಲಗಿಸಿಡಿ.

ಯಾವುದು ಮೊದಲು?

ಬೋರ್ಡ್ ಕೂರಿಸಿದ ಮೇಲೆ ಪ್ರೊಸೆಸರ್ ಕೇಬಲ್ಲೇ ಮೊದಲು. ಪ್ರೊಸೆಸರ್ ತಣಿಸುವ ಕೂಲರ್ ದೊಡ್ಡದಿದ್ದರೆ, ಅದನ್ನು ಹಾಕುವ ಮುಂಚೆಯೇ ಇದು ಮುಗಿಯಲಿ. ಆಮೇಲೆ ಆ ಮೂಲೆಗೆ ಬೆರಳು ಹೋಗುವುದಿಲ್ಲ. ಎರಡನೆಯದು ಬೋರ್ಡಿಗೆ ಕರೆಂಟ್ ಕೊಡುವ 24 ಪಿನ್ನಿನ ದಪ್ಪ ಕೇಬಲ್. ಬೋರ್ಡಿನ ಹಿಂದೆ ಇದರ ಮೇಲೆ ಬೇರೆ ಕೇಬಲ್ ಹಾಯಿಸಬೇಡಿ. ಬಾಗಿಲು ಉಬ್ಬುವುದು ಅಲ್ಲೇ.

ಆಮೇಲೆ ಕ್ಯಾಬಿನೆಟ್‌ನ ಮುಂಭಾಗದಿಂದ ಬರುವ ಸಣ್ಣ ವೈರುಗಳು. ಪವರ್ ಮತ್ತು ರೀಸೆಟ್ ಸ್ವಿಚ್ ಹೇಗೆ ಚುಚ್ಚಿದರೂ ನಡೆಯುತ್ತದೆ. ಎಲ್‌ಇಡಿಗೆ ಮಾತ್ರ ಪ್ಲಸ್, ಮೈನಸ್ ನೋಡಬೇಕು. ಉಲ್ಟಾ ಆದರೆ ದೀಪ ಹತ್ತುವುದಿಲ್ಲ ಅಷ್ಟೇ. ಆಡಿಯೊ ವೈರಿನದು ಬೇರೆ ಕಥೆ. ಅದರ ಜಾಗ ಸಾಮಾನ್ಯವಾಗಿ ಬೋರ್ಡಿನ ಕೆಳಗಿನ ಎಡ ಮೂಲೆ, ಅಂದರೆ ಮುಂಭಾಗದಿಂದ ಅತಿ ದೂರ. ಗ್ರಾಫಿಕ್ಸ್ ಕಾರ್ಡ್ ಹಾಕುವ ಮುಂಚೆ ಇದನ್ನು ಮುಗಿಸಿ.

ಯುಎಸ್‌ಬಿ 3ರ 19 ಪಿನ್ನಿನ ಕೇಬಲ್ ಬಲು ಬಿರುಸು. ಓರೆಯಾಗಿ ಎಳೆದರೆ ಪಿನ್ ಬಾಗುತ್ತದೆ. ನಿಮ್ಮ ಹಳೆ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲದಿದ್ದರೆ 9 ಪಿನ್ನಿಗೆ ಕೂಡಿಸುವ ಅಡಾಪ್ಟರ್ ಸಿಗುತ್ತದೆ. ಪೋರ್ಟ್ ಕೆಲಸ ಮಾಡುತ್ತದೆ, ವೇಗ ಮಾತ್ರ ಯುಎಸ್‌ಬಿ 2ರದ್ದು.

ಹಾರ್ಡ್ ಡಿಸ್ಕಿನ ಸಾಟಾ ಪವರ್ ಕೇಬಲ್ ಕೂಡ ಹೊಸ ಕ್ಯಾಬಿನೆಟ್‌ನಲ್ಲಿ ಸತಾಯಿಸುತ್ತದೆ. ಒಂದೇ ಕೇಬಲ್ಲಿನಲ್ಲಿ ಎರಡು ಮೂರು ಕನೆಕ್ಟರ್, ನಡುವೆ ಹತ್ತು ಹದಿನೈದು ಸೆಂ.ಮೀ. ಅಂತರ. ಹಾರ್ಡ್ ಡಿಸ್ಕ್ ಮುಂದಿನ ತಳದಲ್ಲಿ, ಎಸ್‌ಎಸ್‌ಡಿ ಬೋರ್ಡಿನ ಹಿಂದೆ ಇದ್ದರೆ ಒಂದೇ ಕೇಬಲ್ ಎರಡಕ್ಕೂ ಮುಟ್ಟುವುದಿಲ್ಲ. ಎಸ್‌ಎಂಪಿಎಸ್‌ನಲ್ಲಿ ಎರಡು ಸಾಟಾ ಕೇಬಲ್ ಇದ್ದರೆ ಎರಡನ್ನೂ ಬಳಸಿ. ಮೊಲೆಕ್ಸ್ ಅನ್ನುವ ಹಳೆ ನಾಲ್ಕು ಪಿನ್ನಿನ ಪವರ್ ಕನೆಕ್ಟರ್‌ನಿಂದ ಸಾಟಾ ಮಾಡುವ ಅಗ್ಗದ ಅಡಾಪ್ಟರ್ ತರಬೇಡಿ. ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕ ಹೊಯ್ದಂಥವು ಒಳಗೆ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ.

ಬಣ್ಣದ ಫ್ಯಾನ್ ಇದ್ದರೆ ವೋಲ್ಟೇಜ್ ನೋಡಿ. ಮೂರು ಪಿನ್ನಿನ ಎಆರ್‌ಜಿಬಿಗೆ (ಒಂದೊಂದು ದೀಪಕ್ಕೂ ಬೇರೆ ಬಣ್ಣ) 5 ವೋಲ್ಟ್, ನಾಲ್ಕು ಪಿನ್ನಿನ ಆರ್‌ಜಿಬಿಗೆ (ಎಲ್ಲ ದೀಪಕ್ಕೂ ಒಂದೇ ಬಣ್ಣ) 12 ವೋಲ್ಟ್. 5 ವೋಲ್ಟಿನದನ್ನು 12ಕ್ಕೆ ಚುಚ್ಚಿದರೆ ಎಲ್‌ಇಡಿ ಸತ್ತಂತೆ.

ಕಟ್ಟುವುದು ಕೊನೆಗೆ

ಎಲ್ಲ ಹಾಕಿ, ಬಾಗಿಲು ತೆರೆದಿಟ್ಟೇ ಒಂದು ಸಲ ಆನ್ ಮಾಡಿ. ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು ಅಂದರೆ ಮೊದಲು ಪ್ರೊಸೆಸರ್ ಕೇಬಲ್ ಪೂರ್ತಿ ಕೂತಿದೆಯಾ ನೋಡಿ. ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ ಬದಲು ಬೋರ್ಡಿಗೆ ಚುಚ್ಚಿರುವ ಸಾಧ್ಯತೆಯೂ ಇದೆ. ಎಲ್ಲ ಸರಿ ಇದ್ದರೆ ಆಫ್ ಮಾಡಿ, ಪ್ಲಗ್ ಕಿತ್ತು ಕಟ್ಟಲು ಕೂರಿ.

ಹಿಂದಿನ ಕೇಬಲ್‌ಗಳನ್ನು ವೆಲ್ಕ್ರೊ ಪಟ್ಟಿಯಲ್ಲಿ ಕಟ್ಟಿದರೆ ನಾಳೆ ಬಿಚ್ಚಲು ಸುಲಭ. ಪ್ಲಾಸ್ಟಿಕ್ ಟೈ ಹಾಕಿದರೆ ತುದಿಯನ್ನು ಬುಡಕ್ಕೇ ಕತ್ತರಿಸಿ, ಇಲ್ಲದಿದ್ದರೆ ಕೈ ಗೀರುತ್ತದೆ. ಹಿಂದೆ ಯಾರೂ ನೋಡುವುದಿಲ್ಲ, ಅಲ್ಲಿ ಅಂದಕ್ಕಾಗಿ ಸಮಯ ಹಾಳು ಮಾಡಬೇಡಿ. ಆದರೆ ಮುಂದಿನ ಫ್ಯಾನ್ ಎದುರು ಒಂದು ವೈರೂ ಜೋತು ಬಿದ್ದಿರಬಾರದು. ನಮ್ಮ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಧೂಳಂತೂ ವರ್ಷಪೂರ್ತಿ. ಗಾಳಿಯ ದಾರಿಯಲ್ಲಿ ವೈರಿನ ಗಂಟು ಇದ್ದರೆ ಧೂಳು ಅಲ್ಲೇ ಕೂರುತ್ತದೆ. ಫಿಲ್ಟರ್ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಬೇಕಾದ ಕೇಬಲ್ ಮಾತ್ರ ಚುಚ್ಚಿಕೊಳ್ಳುವ ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ ಕೆಲವು ಕೇಬಲ್ ಉಳಿಯುತ್ತವೆ. ಒಂದು ಕವರಿನಲ್ಲಿ ಹಾಕಿ, ಮೇಲೆ ಎಸ್‌ಎಂಪಿಎಸ್‌ನ ಕಂಪನಿ, ಮಾಡೆಲ್ ಬರೆದಿಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಅಂತ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ಬದಲಾಗಬಹುದು. ಗೆಳೆಯ ಬಂದು ‘ಒಂದು ಸಾಟಾ ಕೇಬಲ್ ಇದ್ದರೆ ಕೊಡಪ್ಪ’ ಅಂದರೆ ಮೊದಲು ಅವನ ಎಸ್‌ಎಂಪಿಎಸ್ ಮಾಡೆಲ್ ಕೇಳಿ. ಬೇರೆಯದಾದರೆ ಕೊಡಬೇಡಿ, ಅವನ ಹಾರ್ಡ್ ಡಿಸ್ಕ್ ಸುಟ್ಟುಹೋದೀತು.